ಸೋರೆ ಬುರುಡೆಯ ಚೆಲ್ಲೊ

ಕೇಳುಗರಿಗೆ ನಮಸ್ಕಾರ.

ನಮ್ಮ ಧಾರವಾಡದಲ್ಲಿ ತಂಬೂರಿ ನೋಡದವರು ಕಡಿಮೆ. ಮಿರಜದಿಂದ ತಂದ ತಂಬೂರಿಯ ಆ ದುಂಡನೆಯ ಬುರುಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಒಳಗೆಲ್ಲೋ ಗುಂ ಅನ್ನುತ್ತದೆ. ಇವತ್ತು ನಾನು ಹೇಳುವ ಕಲಾವಿದರ ಬದುಕೂ ಅಂಥ ಒಂದು ಬುರುಡೆಯಿಂದಲೇ ಶುರುವಾಯಿತು.

ಅವರು ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್. 1876ರ ಡಿಸೆಂಬರ್ 29ರಂದು ಸ್ಪೇನಿನ ಕೆಟಲೋನಿಯಾದಲ್ಲಿ, ಎಲ್ ವೆಂಡ್ರೆಲ್ ಎಂಬ ಊರಿನಲ್ಲಿ ಹುಟ್ಟಿದವರು. ತಂದೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಊರೂರು ತಿರುಗುವ ವಾದಕನೊಬ್ಬ ಒಮ್ಮೆ ಪೊರಕೆಯ ಕೋಲಿಗೆ ತಂತಿ ಬಿಗಿದು ನುಡಿಸಿದ. ನನಗೂ ಅಂಥದ್ದು ಬೇಕು ಅಂತ ಹುಡುಗನ ಹಟ. ತಂದೆ ಗದರಿಸಿ ಸುಮ್ಮನಾಗಿಸಲಿಲ್ಲ. ಸೋರೆ ಬುರುಡೆಗೆ ತಂತಿ ಕಟ್ಟಿ ಮಾಡಿಕೊಟ್ಟರು. ಎಂಥ ತಂದೆ, ಅಲ್ವಾ?

ಹುಡುಗ ನಿಜವಾದ ಚೆಲ್ಲೊ ಕೇಳಿದ್ದು ಆಮೇಲೆ. ನೋಡಲು ದೊಡ್ಡ ಪಿಟೀಲಿನ ಹಾಗೆ, ನಾಲ್ಕು ತಂತಿ. ಕುರ್ಚಿಯ ಮೇಲೆ ಕೂತು, ಮೊಣಕಾಲುಗಳ ನಡುವೆ ಹಿಡಿದು ಕಮಾನು ಎಳೆಯಬೇಕು. ಗಂಗೂಬಾಯಿ ಹಾನಗಲ್ಲರ ಮಂದ್ರ ಕೇಳಿದ ಕಿವಿಗೆ ಅದರ ದನಿ ಪರಕೀಯ ಅನ್ನಿಸುವುದಿಲ್ಲ.

ಆ ಕಾಲದಲ್ಲಿ ಚೆಲ್ಲೊ ಕಲಿಯುವವರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಕಮಾನು ಎಳೆಯಬೇಕಿತ್ತು. ಪುಸ್ತಕ ಬೀಳಬಾರದು! ಕಸಾಲ್ಸ್ ಆ ಕಟ್ಟನ್ನು ಬಿಡಿಸಿ ತೋಳನ್ನು ಸಡಿಲವಾಗಿ ಆಡಿಸಿದರು.

1890ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ತಂದೆಯ ಜೊತೆ ಬಾರ್ಸಿಲೋನಾದ ಬಂದರಿನ ಹತ್ತಿರದ ಹಳೆಯ ಅಂಗಡಿಗೆ ಹೋಗಿದ್ದರು. ಸಂಗೀತದ ಹಾಳೆಗಳನ್ನು ತಿರುವುತ್ತಿದ್ದಾಗ ಒಂದು ಕಟ್ಟು ಸಿಕ್ಕಿತು. ಜರ್ಮನಿಯ ಹಳೆಯ ಸಂಗೀತ ರಚನಕಾರ ಬಾಖ್ ಚೆಲ್ಲೊಗೆಂದೇ ಬರೆದ ಆರು ರಚನೆಗಳು. ಜನ ಅವನ್ನು ಕೈ ಪಳಗಿಸುವ ಪಾಠ ಅಂತಷ್ಟೇ ನೋಡುತ್ತಿದ್ದರು. ಈ ಹುಡುಗ ಹಾಗೆ ನೋಡಲಿಲ್ಲ. ದಿನವೂ ಸಾಧನೆ ಮಾಡಿದ. ಸಭೆಯಲ್ಲಿ ನುಡಿಸುವ ಧೈರ್ಯ ಬರಲು ಹನ್ನೆರಡು ವರ್ಷ ಬೇಕಾಯಿತು. ಗುರುವಿನ ಮುಂದೆ ವರ್ಷಗಟ್ಟಲೆ ಒಂದೇ ರಾಗ ತಿದ್ದಿದವರ ಊರು ನಮ್ಮದು. ಈ ಹನ್ನೆರಡು ವರ್ಷದ ತೂಕ ನಮಗೆ ಗೊತ್ತಾಗುತ್ತದೆ.

ಮುಂದೆ ಸ್ಪೇನಿನಲ್ಲಿ ಅಂತರ್ಯುದ್ಧ. 1939ರಲ್ಲಿ ಸೇನಾನಿ ಫ್ರಾಂಕೊ ಗೆದ್ದು ಸರ್ವಾಧಿಕಾರಿಯಾದ. ಕಸಾಲ್ಸ್ ಗಡಿಯಾಚೆ ಫ್ರಾನ್ಸಿನ ಪ್ರಾದ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೂ ಜಗತ್ತು ಫ್ರಾಂಕೊನನ್ನು ಸಹಿಸಿಕೊಂಡಾಗ ಕಚೇರಿಗಳನ್ನೇ ನಿಲ್ಲಿಸಿಬಿಟ್ಟರು. ಕಲಾವಿದ ನುಡಿಸದೆ ಕೂರುವುದು ಎಷ್ಟು ಕಷ್ಟ! ಅವರು ಬರದಿದ್ದಾಗ ಸಂಗೀತಗಾರರೇ ಅವರ ಹತ್ತಿರ ಬಂದರು. 1950ರಲ್ಲಿ ಪ್ರಾದ್‌ನಲ್ಲೇ ಬಾಖ್ ಉತ್ಸವ ನಡೆಯಿತು. ನಮ್ಮ ಧಾರವಾಡ ಆಕಾಶವಾಣಿ ಶುರುವಾದದ್ದೂ ಅದೇ ವರ್ಷ.

1973ರಲ್ಲಿ, 96ರ ವಯಸ್ಸಿನಲ್ಲಿ, ಪೋರ್ಟೊ ರಿಕೊದಲ್ಲಿ ತೀರಿಕೊಂಡರು. ಫ್ರಾಂಕೊ ಇನ್ನೂ ಇದ್ದ. 1979ರಲ್ಲಿ ಅವರ ಅವಶೇಷಗಳನ್ನು ಎಲ್ ವೆಂಡ್ರೆಲ್‌ಗೆ ತಂದರು.

ಆ ಆರು ರಚನೆಗಳನ್ನು ಅವರು 1936ರಿಂದ 1939ರೊಳಗೆ ಧ್ವನಿಮುದ್ರಿಸಿದ್ದಾರೆ. ಮೊದಲನೆಯದರ ಆರಂಭ ಈಗ ಕೇಳೋಣ. ಮೊದಲ ಸ್ವರವನ್ನೇ ಷಡ್ಜ ಅಂತ ಹಿಡಿಯಿರಿ. ಸಾ, ಪಾ, ಆಮೇಲೆ ತಾರ ಸಪ್ತಕದ ಗಾ. ಬಿಟ್ಟ ತಂತಿಯ ಆ ಸಾ ಮತ್ತೆ ಮತ್ತೆ ಮರಳಿ ಬರುತ್ತದೆ, ತಂಬೂರಿಯ ಹಾಗೆ.