ಪದವನ್ನು ಅದು ಬಾಳುವ ಜಾಗದಲ್ಲಿ ಕಲಿಯೋಣ

ಕೇಳುಗರಿಗೆ ನಮಸ್ಕಾರ. ಹೊಸ ಪದಗಳನ್ನು ಕಲಿಯಿರಿ ಎಂದೊಡನೆ ನಮ್ಮ ಮಕ್ಕಳು ಪುಸ್ತಕದಲ್ಲಿ ಗೆರೆ ಎಳೆದು, ಎಡಕ್ಕೆ ಪದವನ್ನೂ ಬಲಕ್ಕೆ ಅರ್ಥವನ್ನೂ ಬರೆದು ಬಾಯಿಪಾಠ ಮಾಡಲು ಕೂರುತ್ತಾರೆ. ಹಿರಿಯರು ಅದನ್ನೇ ಕಲಿಕೆ ಎಂದು ನಂಬಿ ಸಮಾಧಾನಪಡುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ. ಪದವನ್ನು ಅದನ್ನು ದಿನವೂ ಬಳಸುವವರಿಂದ, ಅವರು ದುಡಿಯುವ ಜಾಗದಲ್ಲಿ ಕಲಿಯಬೇಕು.

‘ಹದ’ ಎಂಬ ಪದವನ್ನೇ ನೋಡಿ. ತಕ್ಕ ಸ್ಥಿತಿ ಎಂದು ಅದರ ಅರ್ಥವನ್ನು ನಾನು ಎಳೆಯ ವಯಸ್ಸಿನಲ್ಲೇ ಓದಿದ್ದರೂ, ಆ ಪದ ನನಗೆ ದಕ್ಕಿದ್ದು ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಇನ್ನೆಷ್ಟು ಹೊತ್ತು ಬೇಕೆಂದು ಪಾಕ ನೋಡುತ್ತಿದ್ದ ಹಿರಿಯರನ್ನು ಕೇಳಿದೆ. “ಗಡಿಯಾರ ನೋಡಿದ್ರೆ ಹದ ಸಿಕ್ಕಲ್ಲ ಸ್ವಾಮಿ, ಕಬ್ಬು ಯಾವ ಮಣ್ಣಿಂದು ಅಂತ ನೋಡ್ಬೇಕು” ಎಂದರು. ಆಮೇಲೆ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರು. ಅದು ಹರಡಿಕೊಂಡಿತು. ಮತ್ತೆ ಕಾದರು, ಮತ್ತೆ ಬಿಟ್ಟರು. ಈ ಸಲ ಅದು ಉಂಡೆಯಾಯಿತು. ಆ ಕ್ಷಣವೇ ಕೊಪ್ಪರಿಗೆ ಇಳಿಯಿತು. ಮೊದಲೇ ಇಳಿಸಿದ್ದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುತ್ತಿರಲಿಲ್ಲ, ತಡವಾಗಿದ್ದರೆ ಸೀದು ಕಪ್ಪಾಗುತ್ತಿತ್ತು. ಆತುರ ಎಷ್ಟು ಕೆಡಿಸುತ್ತದೆಯೋ ಮೈಮರೆವೂ ಅಷ್ಟೇ ಕೆಡಿಸುತ್ತದೆ ಎಂಬ ತಿಳಿವನ್ನು ನನಗೆ ಕೊಟ್ಟಿದ್ದು ಆ ಒಂದು ಪದ. ಮಳೆ ಬಿದ್ದ ಹೊಲಕ್ಕೂ ಕಮ್ಮಾರನ ಕಬ್ಬಿಣಕ್ಕೂ ಚರ್ಮಕ್ಕೂ ಹಿಟ್ಟಿಗೂ ನಮ್ಮ ಜನ ಇದೇ ಪದವನ್ನು ಬಳಸುವುದರಲ್ಲಿ ಎಷ್ಟು ತಲೆಮಾರುಗಳ ಎಚ್ಚರವಿದೆ ಎಂಬುದನ್ನು ಯೋಚಿಸಿ!

ಇದರಿಂದ ನಿಘಂಟು ಬೇಡವೆಂದು ತಿಳಿಯಬಾರದು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟನ್ನು ತೆರೆದರೆ ಅರ್ಥದ ಜೊತೆಯಲ್ಲೇ ಗಾದೆಗಳು, ಕಾವ್ಯದ ಸಾಲುಗಳು ಸಿಗುತ್ತವೆ. ಜರ್ಮನಿಯಿಂದ ಬಂದ ಆ ಪಾದ್ರಿಗೂ ಪದವನ್ನು ಬಳಕೆಯಿಂದ ಬಿಡಿಸಬಾರದೆಂಬುದು ತಿಳಿದಿತ್ತು.

ಹೇಳಬೇಕೆಂದುಕೊಂಡಿದ್ದ ಇತರ ಪದಗಳಿಗೆ ಈಗ ಸಮಯವಿಲ್ಲವಾದರೂ ‘ಮುಯ್ಯಾಳು’ ಎಂಬುದನ್ನು ಬಿಡಲಾರೆ. ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ನಡುವೆ ಹಣದ ಮಾತಿಲ್ಲ. ಮನೆಯಲ್ಲಿ ಬೇಸಾಯ ಮಾಡಿದ ಅಜ್ಜ ಅಜ್ಜಿ ಇದ್ದರೆ, ನಿಮ್ಮ ಕಾಲದಲ್ಲಿ ಯಾರು ಯಾರಿಗೆ ಮುಯ್ಯಾಳಾಗಿ ಹೋಗುತ್ತಿದ್ದರು ಎಂದು ಮಕ್ಕಳು ಇಂದು ರಾತ್ರಿ ಊಟದ ಹೊತ್ತಿಗೆ ಅವರನ್ನು ಕೇಳಲಿ. ನಮಸ್ಕಾರ.