ತಾಲೀಮು ಮುಗಿದ ಮೇಲಿನ ದಾರಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕೊಡಗಿನಲ್ಲಿ ಹವ್ಯಾಸಿ ತಂಡವೊಂದು ನಾಟಕ ಮಾಡಬೇಕೆಂದು ಕುಳಿತಾಗ ಮೊದಲು ಏಳುವ ಪ್ರಶ್ನೆ, ತಾಲೀಮು ಮುಗಿದ ಮೇಲೆ ಯಾರನ್ನು ಯಾರು ಮನೆಗೆ ಮುಟ್ಟಿಸುತ್ತಾರೆ ಎಂಬುದು. ಯಾವ ನಾಟಕ, ಯಾರಿಗೆ ಯಾವ ಪಾತ್ರ ಎಂಬ ಮಾತುಗಳು ಅದಾದ ಮೇಲೆ ಬರುತ್ತವೆ. ಇಪ್ಪತ್ತಾರು ವರ್ಷಗಳಿಂದ ಮಡಿಕೇರಿಯ ಒಂದು ತಂಡದಲ್ಲಿ ಪರದೆಯ ಹಿಂದಿನ ಕೆಲಸ ಮಾಡಿಕೊಂಡು ಬಂದಿರುವ ನಾನು, ಈ ಪ್ರಶ್ನೆಗೆ ಉತ್ತರ ಸಿಗದೆ ನಿಂತುಹೋದ ನಾಟಕಗಳನ್ನೂ, ಉತ್ತರ ಸಿಕ್ಕಿದ್ದರಿಂದಲೇ ರಂಗಕ್ಕೆ ಏರಿದ ನಾಟಕಗಳನ್ನೂ ಕಂಡಿದ್ದೇನೆ. ಆ ಉತ್ತರವಾಗಿ ಬಂದು ನಿಂತ ಜನರ ವಿಷಯವಾಗಿ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅಲ್ಲಿ ಊಟ ಮುಗಿಸಿ ಗುಡಿಯ ಮುಂದಿನ ಜಗಲಿಗೆ ಬಂದರೆ ತಾಲೀಮಿಗೆ ಬಂದಂತೆಯೇ. ನಮ್ಮಲ್ಲಿ ಒಂದು ಮನೆ ಗದ್ದೆಯ ಅಂಚಿನಲ್ಲಿದ್ದರೆ ಅದರ ನೆರೆಮನೆ ತೋಟದ ಆಚೆಯ ಏರಿನ ಮೇಲಿರುತ್ತದೆ. 2011ರ ಜನಗಣತಿಯಂತೆ, 4,102 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಜಿಲ್ಲೆಯಲ್ಲಿದ್ದವರು ಸುಮಾರು ಐದೂವರೆ ಲಕ್ಷ ಜನ. ಎಂದರೆ ಚದರ ಕಿಲೋಮೀಟರಿಗೆ 135 ಮಂದಿ. ಇಡೀ ರಾಜ್ಯದ ಸರಾಸರಿ ಆಗ 319 ಇತ್ತು. ರೈಲು ಇಲ್ಲದ ಜಿಲ್ಲೆ ಇದು. ಒಳದಾರಿಗಳ ಕೊನೆಯ ಬಸ್ಸು ಕತ್ತಲಾಗುವ ಹೊತ್ತಿಗೆ ಹೊರಟುಹೋಗಿರುತ್ತದೆ. ಸಿದ್ದಾಪುರ, ತಿತಿಮತಿಯ ಕಡೆ ಹೋಗುವವರಿಗೆ ಆನೆಯ ಯೋಚನೆ ಬೇರೆ. ಕಚೇರಿ, ಶಾಲೆ, ಅಂಗಡಿಗಳಲ್ಲಿ ದುಡಿದು ಸಂಜೆ ಆರಕ್ಕೆ ತಾಲೀಮಿಗೆ ಬರುವವರು ಒಂಬತ್ತಕ್ಕೆ ಹೊರಡಬೇಕೆಂದರೆ, ಅವರೊಡನೆ ಹೊರಡಲು ಇನ್ನೊಬ್ಬರು ಇರಲೇಬೇಕು.

ನಮ್ಮ ತಂಡದಲ್ಲಿ ಹದಿನೆಂಟು ವರ್ಷ ಹಾಗೆ ಇದ್ದವರು ಮೂರ್ನಾಡಿನ ದಾರಿಯ ಒಬ್ಬ ಸಣ್ಣ ಕಾಫಿ ಬೆಳೆಗಾರರು. ಅವರು ಒಮ್ಮೆಯೂ ಮುಖಕ್ಕೆ ಬಣ್ಣ ಹಚ್ಚಿದವರಲ್ಲ. ಸಂಜೆ ತಮ್ಮ ಹಳೆಯ ಜೀಪಿನಲ್ಲಿ ಹಾಕತ್ತೂರು, ಮೇಕೇರಿಗಳಲ್ಲಿ ಕಾದು ನಿಂತವರನ್ನು ಹತ್ತಿಸಿಕೊಂಡು ಬಂದು, ತಾಲೀಮು ನಡೆಯುವಷ್ಟು ಹೊತ್ತೂ ಹಿಂದಿನ ಬೆಂಚಿನಲ್ಲಿ ಶಾಲು ಹೊದ್ದು ಕುಳಿತಿರುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ನೋಟ್ ಪುಸ್ತಕವಿತ್ತು. ಯಾರ ಮನೆ ಯಾವ ತಿರುವಿನ ನಂತರ, ಯಾರ ಗೇಟಿಗೆ ಎಷ್ಟು ಹೊತ್ತಿಗೆ ಬೀಗ ಬೀಳುತ್ತದೆ, ಯಾರ ಅಂಗಳದಲ್ಲಿ ರಾತ್ರಿ ನಾಯಿ ಬಿಟ್ಟಿರುತ್ತಾರೆ, ಯಾರ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ ಕಾದಿರುತ್ತಾರೆ ಎಂಬುದೆಲ್ಲ ಅದರಲ್ಲಿ ಬರೆದಿತ್ತು. ನಿರ್ದೇಶಕರು ದೃಶ್ಯಗಳ ತಾಲೀಮಿನ ಕ್ರಮವನ್ನು ಆ ಪುಸ್ತಕ ನೋಡಿಯೇ ಗೊತ್ತುಮಾಡುತ್ತಿದ್ದರು. ದೂರದ ಮನೆಯವರ ದೃಶ್ಯ ಮೊದಲು, ಪೇಟೆಯವರದು ಕೊನೆಗೆ. ಹೀಗಾಗಿ ನಮ್ಮ ಎಷ್ಟೋ ನಾಟಕಗಳು ಮೂರನೆಯ ಅಂಕದಿಂದ ಹಿಂದಕ್ಕೆ ಕಲಿತ ನಾಟಕಗಳು. ಡೀಸೆಲಿಗೆಂದು ಹಣ ಕೊಡಲು ಹೋದರೆ ಅವರು ಕೈಮುಂದೆ ಮಾಡುತ್ತಿರಲಿಲ್ಲ. “ಪ್ರದರ್ಶನದ ದಿನ ನಮ್ಮ ಮನೆಯವಳಿಗೆ ಎರಡನೆಯ ಸಾಲಿನಲ್ಲಿ ಒಂದು ಕುರ್ಚಿ ಇಡಿ, ಸಾಕು” ಎನ್ನುತ್ತಿದ್ದರು. ಆ ಕುರ್ಚಿಯನ್ನು ನಾವು ಒಂದು ಸಲವೂ ತಪ್ಪಿಸಲಿಲ್ಲ.

ಹವ್ಯಾಸಿ ರಂಗಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ನಾನು ಕಂಡಂತೆ, ಮಗಳು ನಾಟಕದಲ್ಲಿ ನಟಿಸಬಾರದು ಎಂದು ತಡೆದ ಮನೆಗಳು ಇಲ್ಲಿ ಬಹಳ ಕಡಿಮೆ. ರಾತ್ರಿಯ ದಾರಿಗೆ ಹೆದರಿ ಬೇಡವೆಂದ ಮನೆಗಳು ಬಹಳ. ಪದವಿ ಓದುತ್ತಿದ್ದ ಒಬ್ಬ ಹುಡುಗಿಯ ತಂದೆ ಮೊದಲ ವಾರ ಒಪ್ಪಿರಲೇ ಇಲ್ಲ. ಜೀಪಿನ ಹಿರಿಯರು ಒಂದು ಭಾನುವಾರ ಅವರ ಮನೆಗೆ ಹೋಗಿ, ಕಾಫಿ ಕುಡಿದು, ಕರಿಮೆಣಸಿನ ಬೆಲೆ, ಕಾಫಿ ಕಾಯಿ ಕೊರೆಯುವ ಬೆರಿ ಬೋರರ್ ಹುಳುವಿನ ಕಾಟ ಎಲ್ಲವನ್ನೂ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ, “ನಿಮ್ಮ ಅಂಗಳದ ದೀಪದ ಕೆಳಗೆ ನೀನು ನಿಂತದ್ದು ಕಾಣುವವರೆಗೆ ನಾನು ಗಾಡಿ ತಿರುಗಿಸುವುದಿಲ್ಲ ಮಗಳೇ” ಎಂದರಂತೆ. ಆಕೆ ನಮ್ಮೊಡನೆ ಆರು ನಾಟಕಗಳಲ್ಲಿ ಅಭಿನಯಿಸಿದಳು. ಆಕೆಯ ಅಭಿನಯವನ್ನು ಮೆಚ್ಚಿ ಪತ್ರಿಕೆಗಳಲ್ಲಿ ಬರೆದವರಿಗೆ ಆ ಭಾನುವಾರದ ಸಂಗತಿ ತಿಳಿದಿರಲು ಸಾಧ್ಯವಿರಲಿಲ್ಲ. ಆದ್ದರಿಂದಲೇ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಇನ್ನು ಕಾಲದ ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸಾಮಾನ್ಯವಾಗಿ 3,000 ಮಿಲಿಮೀಟರನ್ನು ಮೀರುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಆ ತಿಂಗಳುಗಳಲ್ಲಿ ಬಯಲಿನಲ್ಲಿ ನಾಟಕವಾಡುವ ಮಾತೇ ಇಲ್ಲ; ಆದರೆ ತೋಟದ ಕೆಲಸ ಸ್ವಲ್ಪ ಸಡಿಲವಾಗುವುದರಿಂದ ತಾಲೀಮಿಗೆ ಕೈಗೆ ಸಿಗುವ ಕಾಲವೂ ಅದೇ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಕಲಿತ ನಟರ ದನಿ ಗಟ್ಟಿಯಾಗಿರುತ್ತದೆ ಎಂದು ನಮ್ಮ ನಿರ್ದೇಶಕರೊಬ್ಬರು ಹೇಳುತ್ತಿದ್ದರು, ಮತ್ತು ಅದು ನಿಜ. ತುಲಾ ಸಂಕ್ರಮಣ ಕಳೆದು ಸುಗ್ಗಿಹಬ್ಬವಾದ ಪುತ್ತರಿ ಬರುವ ಹೊತ್ತಿಗೆ ಬಾನು ತಿಳಿಯಾಗುತ್ತದೆ, ಆದರೆ ಆಗ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ. ಅದು ಮುಗಿಯುವುದರೊಳಗೆ ರೊಬಸ್ಟಾ ಕುಯ್ಲು. ಮಾರ್ಚ್ 27ರ ವಿಶ್ವ ರಂಗಭೂಮಿ ದಿನವನ್ನು ನಾಡೆಲ್ಲ ಆಚರಿಸುವಾಗ ನಮ್ಮಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಬೆಳೆಗಾರರು ಸ್ಪ್ರಿಂಕ್ಲರ್ ಇಟ್ಟುಕೊಂಡು ಕರೆಂಟಿಗಾಗಿ ರಾತ್ರಿಯೆಲ್ಲ ಎದ್ದಿರುತ್ತಾರೆ, ಮೇಷ್ಟರುಗಳು ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಕೆಲಸದಲ್ಲಿರುತ್ತಾರೆ. ನವೆಂಬರಿನ ಮೊದಲ ಹದಿನೈದು ದಿನ, ಏಪ್ರಿಲಿನ ಒಂದೆರಡು ವಾರ: ನಾಟಕಕ್ಕೆಂದು ಈ ನೆಲ ಬಿಟ್ಟುಕೊಡುವ ಅವಧಿ ಇಷ್ಟೇ. ಆ ಕೆಲವೇ ದಿನಗಳಲ್ಲಿ ಸಭಾಂಗಣ ಕೈತಪ್ಪಿದರೆ ವರ್ಷವೇ ಕೈತಪ್ಪಿದಂತೆ. ಒಮ್ಮೆ ಹೀಗೆಯೇ, ಮೂರು ತಿಂಗಳ ಮೊದಲು ಮಾತುಕೊಟ್ಟಿದ್ದ ಸಭಾಂಗಣದವರು ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಅದನ್ನು ಮದುವೆಗೆ ಕೊಟ್ಟುಬಿಟ್ಟರು. ತೋಟದವರೊಬ್ಬರು ಕಾಫಿ ಒಣಗಿಸುವ ತಮ್ಮ ಕಣವನ್ನು ಬಿಟ್ಟುಕೊಟ್ಟರು. ತೋಟದ ಕೆಲಸಗಾರರ ಲೈನ್ ಮನೆಗಳ ಹೆಂಗಸರು ಅದನ್ನು ಗುಡಿಸಿ ತೊಳೆದರು. ಸುತ್ತಲಿನ ಸಿಲ್ವರ್ ಓಕ್ ಮರಗಳಿಗೆ ದೀಪ ಕಟ್ಟಿದೆವು. ನಾಟಕ ನೋಡಲು ಆ ರಾತ್ರಿ ನೆಲದ ಮೇಲೆ ಕುಳಿತವರಲ್ಲಿ ಬಹುಮಂದಿ ಅದುವರೆಗೆ ಸಭಾಂಗಣದ ಒಳಗೆ ಕಾಲಿಟ್ಟವರೇ ಆಗಿರಲಿಲ್ಲ.

ಕಣದಲ್ಲಿ ನಾಟಕವಾಡಿದ್ದು ನಮಗೆ ಹೊಸತೆನಿಸಿದರೂ, ಊರು ಸೇರಿ ಬಯಲಿನಲ್ಲಿ ಆಡುವುದು ಕೊಡಗಿಗೆ ಹಳೆಯದು. ಪುತ್ತರಿಯ ಕೋಲಾಟ ನಡೆಯುವ ಮಂದ್‌ಗಳು ಇಂದಿಗೂ ಇವೆ. ಅಲ್ಲಿ ಆಡಲು ಇಂತಿಂಥ ಒಕ್ಕದವರು, ಎಂದರೆ ಮನೆತನದವರು, ಬರಬೇಕು, ಮುಂದೆ ನಿಂತು ನಡೆಸಲು ಊರ ಮುಖ್ಯಸ್ಥರಾದ ತಕ್ಕರು ಇರಬೇಕು ಎಂಬ ಕಟ್ಟು ಇದೆ. ದುಡಿ ಬಡಿಯುವವನಿಗೂ ನೆಲ ಕೆರೆದು ಹದಮಾಡುವವನಿಗೂ ಅವರವರ ಪಾಲಿನ ಮರ್ಯಾದೆ ಇದೆ. ಸ್ವಯಂಸೇವೆ ಎಂಬ ಪದ ಬರುವುದಕ್ಕಿಂತ ಎಷ್ಟೋ ಮೊದಲೇ ಅದು ನಡೆದುಬಂದಿದೆ. ಇದೇ ಮಣ್ಣಿನಲ್ಲಿ, ನಾಪೋಕ್ಲು ಸಮೀಪದ ಊರಿನವರಾದ ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿ ಕೊಡವ ತಕ್ಕಿನ, ಎಂದರೆ ಕೊಡವ ಭಾಷೆಯ, ತಮ್ಮ ಮೊದಲ ನಾಟಕವನ್ನು ಪ್ರಕಟಿಸಿದರು. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂದು ಅವರು ಬರೆದ ನಾಟಕಗಳು ನಾಲ್ಕು. ಬರೆಯುವ ರೂಢಿಯೇ ಹೆಚ್ಚಾಗಿರದ ಮಾತಿನಲ್ಲಿ, ಕನ್ನಡ ಲಿಪಿಯನ್ನು ಬಳಸಿ, ಹಾಡುಗಳೊಡನೆ ನಾಟಕ ಕಟ್ಟಿದ ಆ ಕೆಲಸವನ್ನು ನೆನೆದಾಗಲೆಲ್ಲ ನನಗೆ ಅದರ ಜೊತೆಯ ಇನ್ನೊಂದು ಯೋಚನೆ ಬರುತ್ತದೆ: ಆ ನಾಟಕಗಳಿಗೆ ಪರದೆ ಎಳೆದವರು, ಬೆಳಕು ಹಿಡಿದವರು, ಆಡಿದವರಿಗೆ ರಾತ್ರಿ ಅನ್ನ ಬಡಿಸಿದವರು ಯಾರು? ಕವಿಯ ಹೆಸರು ಉಳಿದಿದೆ, ಉಳಿಯಬೇಕಾದ್ದೇ. ಅವರ ಹೆಸರುಗಳನ್ನು ಬರೆದಿಡುವವರು ಇರಲಿಲ್ಲ.

ಅದಕ್ಕಾಗಿಯೇ ನಮ್ಮ ತಂಡದ ಕೆಲವರ ಕೆಲಸವನ್ನಾದರೂ ಇಲ್ಲಿ ಹೇಳಬೇಕೆನಿಸುತ್ತದೆ. ಬೇರೆ ಕಡೆಯ ತಂಡಗಳಿಗೆ ಅಷ್ಟಾಗಿ ಬಾರದ ಒಂದು ಕೆಲಸ ನಮಗಿದೆ. ನಮ್ಮ ನಟರು ಮನೆಯಲ್ಲಿ ಆಡುವುದು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಹೀಗೆ ನಾನಾ ಮಾತುಗಳನ್ನು. ತಾಲೀಮಿನ ಬಿಡುವಿನಲ್ಲಿ ಕಾಫಿ ಲೋಟದ ಸುತ್ತ ಎಲ್ಲವೂ ಒಟ್ಟಿಗೆ ಕೇಳಿಸುತ್ತವೆ. ಕೊಡವ ತಕ್ಕಿನಲ್ಲಾಗಲಿ ತುಳುವಿನಲ್ಲಾಗಲಿ ಮಹಾಪ್ರಾಣದ ಬಳಕೆ ಅಷ್ಟಾಗಿ ಇಲ್ಲವಾದ್ದರಿಂದ, ಪೌರಾಣಿಕ ನಾಟಕದ ಉದ್ದುದ್ದ ಮಾತುಗಳನ್ನು ಹೇಳಿಸುವುದಕ್ಕೆ ತಾಳ್ಮೆ ಬೇಕು. ನಿವೃತ್ತರಾದ ಒಬ್ಬ ಕನ್ನಡ ಅಧ್ಯಾಪಕರು ಇಪ್ಪತ್ತು ವರ್ಷ ಈ ಕೆಲಸ ಮಾಡಿದರು. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಉಸಿರು ಅಂಗೈಗೆ ತಾಕುವವರೆಗೆ ‘ಭೀಷ್ಮ’ ಎನ್ನಿಸುತ್ತಿದ್ದರು. ಯಾರನ್ನೂ ಇನ್ನೊಬ್ಬರ ಎದುರಿನಲ್ಲಿ ತಿದ್ದುತ್ತಿರಲಿಲ್ಲ. ಪ್ರದರ್ಶನದ ದಿನ ಅವರೇ ಸೈಡ್ ವಿಂಗಿನಲ್ಲಿ ಸ್ಟೂಲ್ ಹಾಕಿಕೊಂಡು ಪ್ರಾಂಪ್ಟ್ ಮಾಡುತ್ತಿದ್ದರು. ನಟ ಮಾತು ಮರೆತಾಗ ಕೂಡಲೇ ಎತ್ತಿಕೊಡದೆ, ಅವನು ಉಸಿರು ಎಳೆದುಕೊಳ್ಳುವಷ್ಟು ಕಾದು, ಎರಡೇ ಅಕ್ಷರ ಕೊಡುತ್ತಿದ್ದರು. ಅಷ್ಟರಲ್ಲಿ ಮಾತು ಬಂದುಬಿಡುತ್ತಿತ್ತು. ಈ ಎರಡಕ್ಷರದ ಅಳತೆಯನ್ನು ಅವರಿಂದ ಕಲಿತದ್ದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ.

ಉಡುಪುಗಳ ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಒಬ್ಬ ಅಕ್ಕ. ಹೊಲಿಗೆ ಅವರ ವೃತ್ತಿ. ನಮ್ಮ ಮಳೆಗಾಲದಲ್ಲಿ ರೇಷ್ಮೆಗೂ ಜರಿಗೂ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಆ ಪೆಟ್ಟಿಗೆಯನ್ನು ಅವರು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗೆ, ಹೊಗೆ ಬಟ್ಟೆಗೆ ತಾಗದಂತೆ ಇಟ್ಟು, ಬಿಸಿಲು ಬಿದ್ದ ಮೊದಲ ದಿನ ಅಂಗಳದಲ್ಲಿ ಕಿರೀಟ, ಅಂಗವಸ್ತ್ರ, ಗಡ್ಡಮೀಸೆಗಳನ್ನೆಲ್ಲ ಹರಡುತ್ತಾರೆ. ದಾರಿಯಲ್ಲಿ ಹೋಗುವವರು ಅದನ್ನು ಕಂಡೇ ಈ ವರ್ಷವೂ ನಾಟಕವಿದೆ ಎಂದು ತಿಳಿದುಕೊಳ್ಳುತ್ತಾರೆ. ಬೆಳಕಿನ ಸಾಮಾನು ಬಾಡಿಗೆಗೆ ಬೇಕೆಂದರೆ 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕಾಗಿದ್ದ ಕಾಲದಲ್ಲಿ, ಎಣ್ಣೆ ಡಬ್ಬಗಳನ್ನು ಕತ್ತರಿಸಿ ಸ್ಪಾಟ್ ಲೈಟ್ ಮಾಡಿಕೊಟ್ಟ ಎಲೆಕ್ಟ್ರಿಷಿಯನ್ನರೊಬ್ಬರು ನಮ್ಮಲ್ಲಿದ್ದರು. ಆ ಡಬ್ಬಗಳಲ್ಲಿ ಎರಡನ್ನು ಈಗಲೂ ಬಳಸುತ್ತೇವೆ.

ಮಡಿಕೇರಿಯ ದಸರಾ ಮಂಟಪಗಳನ್ನು ಈ ಮಾತಿನಿಂದ ಹೊರಗಿಡಲು ನನಗೆ ಮನಸ್ಸಿಲ್ಲ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಪುರಾಣದ ಒಂದೊಂದು ಕಥೆಯನ್ನು ಚಲಿಸುವ ಮೂರ್ತಿಗಳಿಂದ, ಬೆಳಕು ಮತ್ತು ಧ್ವನಿಗಳಿಂದ ತೋರಿಸುತ್ತ ಬೆಳಗಾಗುವವರೆಗೆ ಬೀದಿಯಲ್ಲಿ ಸಾಗುತ್ತವೆ. ಅದು ನಮ್ಮ ಊರಿನ ಅತಿ ದೊಡ್ಡ ರಂಗಶಾಲೆ ಎಂದೇ ನಾನು ಹೇಳುತ್ತೇನೆ. ವೆಲ್ಡಿಂಗ್ ಮಾಡುವ ಹುಡುಗ ಅಲ್ಲಿ ರಂಗಸಜ್ಜಿಕೆ ಕಲಿಯುತ್ತಾನೆ, ಮೈಕ್ ಸೆಟ್ಟಿನವನು ಧ್ವನಿ ಸಂಯೋಜನೆ ಕಲಿಯುತ್ತಾನೆ. ಟ್ರ್ಯಾಕ್ಟರಿನ ಚಾಲಕ ಯಾವ ಮಾತಿಗೆ ಎಷ್ಟು ನಿಲ್ಲಬೇಕೆಂಬುದನ್ನು ಬಲ್ಲವನಾಗಿರುತ್ತಾನೆ. ನಮ್ಮ ತಂಡಕ್ಕೆ ಬಂದ ಅತ್ಯುತ್ತಮ ನೇಪಥ್ಯ ಕೆಲಸಗಾರರು ಬಹುಮಟ್ಟಿಗೆ ಮಂಟಪಗಳಿಂದ ಬಂದವರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡಿನ ಕಡೆಗಳಲ್ಲಿ ಗುಡ್ಡಗಳು ಕುಸಿದಾಗ, ಸಭಾಂಗಣಗಳು, ಶಾಲೆಗಳು ಪರಿಹಾರ ಕೇಂದ್ರಗಳಾದವು. ತಾಲೀಮಿಗೆ ಜನರನ್ನು ಸೇರಿಸಲು ನಾವು ಮಾಡಿಟ್ಟುಕೊಂಡಿದ್ದ ದೂರವಾಣಿ ಪಟ್ಟಿಯೇ ಆ ವಾರ ಹೊದಿಕೆ, ಹಾಲಿನಪುಡಿ, ಗಾಡಿಗಳನ್ನು ಹೊಂದಿಸಲು ಬಳಕೆಯಾಯಿತು. ಯಾರ ಮನೆಗೆ ಯಾವ ಒಳದಾರಿಯಿಂದ ಹೋಗಬಹುದು ಎಂಬುದು ಜೀಪಿನ ಹಿರಿಯರಿಗೆ ನೋಟ್ ಪುಸ್ತಕ ತೆರೆಯದೆಯೇ ಗೊತ್ತಿತ್ತು. ಆ ವರ್ಷ ನಾವು ನಾಟಕ ಆಡಲಿಲ್ಲ.

ನನಗಿರುವ ಚಿಂತೆಯನ್ನೂ ಹೇಳಬೇಕು. ಅಭಿನಯಿಸಲು ಬರುವ ಯುವಕರಿಗೆ ಇಂದಿಗೂ ಕೊರತೆಯಿಲ್ಲ, ಅವರು ಬೆಂಗಳೂರಿಗೆ ಹೋಗುವವರೆಗೆ ಎರಡು ಮೂರು ವರ್ಷವಾದರೂ ಸಿಗುತ್ತಾರೆ. ಆದರೆ ಪ್ರಾಂಪ್ಟಿಗೆ, ಪೆಟ್ಟಿಗೆಗೆ, ಗಾಡಿಗೆ ನಿಲ್ಲುವವರು ಇಪ್ಪತ್ತು ವರ್ಷ ಅವರೇ. ಅವರ ಜಾಗಕ್ಕೆ ಬರುವವರು ಕಾಣುತ್ತಿಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದಾರಿ ಕಣ್ಣಮುಂದಿದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದ ಹೊಣೆಯನ್ನು ಪ್ರತಿಸಲ ಒಂದೊಂದು ಕುಟುಂಬ ಹೊತ್ತುಕೊಳ್ಳುತ್ತ ಬಂದಿದೆ. ಹೊಣೆ ಸರದಿಯಂತೆ ಕೈ ಬದಲಾಗುವುದರಿಂದ ಮೈದಾನ ಸಿದ್ಧಮಾಡುವುದರಿಂದ ಹಿಡಿದು ಊಟದ ಏರ್ಪಾಡಿನವರೆಗೆ ಎಲ್ಲವನ್ನೂ ಬಲ್ಲವರು ಊರೂರಿನಲ್ಲಿ ತಯಾರಾಗಿದ್ದಾರೆ. ನಾಟಕಕ್ಕೂ ಹಾಗೆ ಮಾಡಬಹುದು. ಈ ವರ್ಷ ನಾಪೋಕ್ಲು, ಮುಂದಿನ ವರ್ಷ ಸೋಮವಾರಪೇಟೆ, ಅದರ ಮುಂದಿನ ವರ್ಷ ಪೊನ್ನಂಪೇಟೆ ಎಂದು ಊರುಗಳೇ ಸರದಿಯಲ್ಲಿ ನಾಟಕವನ್ನು ಕರೆಸಿಕೊಂಡು, ನಟರಿಗೆ ಮನೆಗಳಲ್ಲಿ ಊಟ, ವಸತಿ ಕೊಟ್ಟು, ತಮ್ಮವರಲ್ಲಿ ನಾಲ್ವರನ್ನು ಬೆಳಕಿಗೂ ಪರದೆಗೂ ಕೊಡುವುದಾದರೆ, ಐದು ವರ್ಷದಲ್ಲಿ ಈ ಕೆಲಸ ಬಲ್ಲವರು ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿಯೂ ಇರುತ್ತಾರೆ. ಈ ಮಾತನ್ನು ಎರಡು ಊರಿನವರ ಮುಂದೆ ಇಟ್ಟಿದ್ದೇವೆ. ಒಂದು ಊರಿನವರು ಒಪ್ಪಿದ್ದಾರೆ.

ಜೀಪಿನ ಹಿರಿಯರಿಗೆ ಈಗ ರಾತ್ರಿಯಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೋದ ವರ್ಷ ಅವರು ಆ ನೋಟ್ ಪುಸ್ತಕವನ್ನು ತಂದು ನನ್ನ ಕೈಗೆ ಕೊಟ್ಟರು. ಹಳೆಯ ಮನೆಗಳ ಮುಂದೆ ಗೀಟು ಎಳೆದು, ಹೊಸಬರ ಮನೆಗಳನ್ನು ನಾನು ಬರೆದುಕೊಳ್ಳುತ್ತಿದ್ದೇನೆ. ಈ ಸಲದ ತಾಲೀಮು ಆಗಸ್ಟ್ ತಿಂಗಳಿನಲ್ಲಿ ಆರಂಭವಾಗಬೇಕು. ಮೂರ್ನಾಡಿನ ದಾರಿಗೆ ಅವರ ಮಗನೇ ಬರುತ್ತೇನೆಂದು ಒಪ್ಪಿದ್ದಾರೆ, ಚೇರಂಬಾಣೆಯ ಕಡೆಗೆ ಇಬ್ಬರು ಶಿಕ್ಷಕರು ತಮ್ಮ ಕಾರನ್ನು ಸರದಿಯಲ್ಲಿ ತರುತ್ತಾರೆ. ಸುಂಟಿಕೊಪ್ಪದ ದಾರಿಯಲ್ಲಿ ಇಬ್ಬರು ಹುಡುಗಿಯರೂ ಮೃದಂಗ ನುಡಿಸುವ ಒಬ್ಬರೂ ಇದ್ದಾರೆ. ಆ ದಾರಿಗೆ ಗಾಡಿ ಇನ್ನೂ ಗೊತ್ತಾಗಿಲ್ಲ.

ನಮಸ್ಕಾರ.