ಮೊದಲ ನಲವತ್ತು ದಿನ: ಸಣ್ಣ ಅಂಗಡಿಯ ಗಿರಾಕಿ ಪಟ್ಟಿಯನ್ನು ಸಾಫ್ಟ್‌ವೇರಿಗೆ ಇಳಿಸುವುದು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಟ್ಯಾಲಿ ಹಾಕಿಕೊಡುವವರು, ಜಿಎಸ್‌ಟಿ ರಿಟರ್ನ್ ತುಂಬುವವರು, ಕಂಪ್ಯೂಟರ್ ಅಂಗಡಿ ಇಟ್ಟವರು. ‘ಗಿರಾಕಿಗಳ ನಂಬರೆಲ್ಲ ಒಂದು ಕಡೆ ಇರೋ ಹಾಗೆ ಏನಾದರೂ ಮಾಡಿಕೊಡಿ’ ಎಂದು ಅಂಗಡಿಯವರು ಮೊದಲು ಕೇಳುವುದು ನಿಮ್ಮನ್ನೇ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಚರ್ಚೆಗೆ ಇವತ್ತು ಹೆಚ್ಚು ಹೊತ್ತು ಕೊಡುವುದಿಲ್ಲ. ಜೊಹೊ ಬಿಗಿನ್ ಆಗಲಿ ಹಬ್‌ಸ್ಪಾಟ್ ಆಗಲಿ, ಐನೂರೋ ಸಾವಿರವೋ ಗಿರಾಕಿಗಳಿರುವ ಅಂಗಡಿಗೆ ಬೇಕಾದ್ದು ಎರಡರಲ್ಲೂ ಇದೆ. ಗೂಗಲ್ ಕಾಂಟ್ಯಾಕ್ಟ್ಸ್ ಪಟ್ಟಿ ಶುದ್ಧ ಮಾಡಲು ಬಲು ಉಪಯುಕ್ತ, ಆದರೆ ‘ಇವತ್ತು ಯಾರಿಗೆ ಫೋನ್ ಮಾಡಬೇಕು’ ಎಂದು ಅದು ಬೆಳಿಗ್ಗೆ ಎದ್ದು ಹೇಳುವುದಿಲ್ಲ. ಹಾಗೆ ಹೇಳದ ಪಟ್ಟಿ ಬರೀ ಫೋನ್ ಬುಕ್ಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಮಾತಿಗೆ ಒಂದು ಆಸರೆ ಇರಲಿ ಎಂದು ಕುಡಿಯುವ ನೀರಿನ ಆರ್‌ಒ ಯಂತ್ರ ಮಾರಿ ಸರ್ವೀಸ್ ಮಾಡುವ ಅಂಗಡಿಯನ್ನು ತೆಗೆದುಕೊಳ್ಳೋಣ. ಮಾಲೀಕರು, ಕೌಂಟರಿನಲ್ಲಿ ಒಬ್ಬರು, ಮನೆಮನೆಗೆ ಹೋಗುವ ಇಬ್ಬರು ಹುಡುಗರು. ಆರುನೂರು ಗಿರಾಕಿಗಳು. ಫಿಲ್ಟರ್ ಆರು ತಿಂಗಳಿಗೋ ವರ್ಷಕ್ಕೋ ಬದಲಾಗಬೇಕು, ನೀರು ಸೋಸುವ ಒಳಪದರ, ಅಂದರೆ ಮೆಂಬ್ರೇನ್, ಅದಕ್ಕಿಂತ ತಡವಾಗಿ. ಬೋರ್‌ವೆಲ್ ನೀರು ಗಡುಸಾದಷ್ಟೂ ಎರಡೂ ಬೇಗ. ಈ ಅಂಗಡಿಯ ಸಂಪಾದನೆಯೆಲ್ಲ ಒಂದು ದಿನಾಂಕದ ಮೇಲೆ ನಿಂತಿದೆ. ಆ ದಿನ ನಾವು ನೆನಪಿಸದಿದ್ದರೆ ಗಿರಾಕಿ ಪಕ್ಕದ ಬೀದಿಯವನಿಗೆ ಫೋನ್ ಮಾಡುತ್ತಾರೆ.

ಮೊದಲ ಭೇಟಿಯಲ್ಲಿ ಲ್ಯಾಪ್‌ಟಾಪ್ ತೆರೆಯಬೇಡಿ. ಪಟ್ಟಿಗಳು ಎಲ್ಲೆಲ್ಲಿವೆ ಎಂದು ನೋಡಿ. ಸಾಮಾನ್ಯವಾಗಿ ಮೂರು ಕಡೆ ಇರುತ್ತವೆ: ಮಾಲೀಕರ ಫೋನು, ಟ್ಯಾಲಿಯ ಸಂಡ್ರಿ ಡೆಟರ್ಸ್ (ಬಾಕಿ ಕೊಡಬೇಕಾದವರ) ಲೆಡ್ಜರು, ಗಲ್ಲಾದ ಪಕ್ಕದ ಉದ್ರಿ ಪುಸ್ತಕ. ನಾಲ್ಕನೆಯದೊಂದು ಇರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ: ಸರ್ವೀಸ್ ಹುಡುಗರ ಸ್ವಂತ ಫೋನು. ಕೇಳಿ ಪಡೆಯಿರಿ. ಆ ಹುಡುಗ ಕೆಲಸ ಬಿಟ್ಟ ದಿನ ಆ ಬಡಾವಣೆಯ ಗಿರಾಕಿಗಳೂ ಅವನ ಜೊತೆಗೇ ಹೋಗುತ್ತಾರೆ.

ಮಾಲೀಕರ ಫೋನಿನಲ್ಲಿ ಹೆಸರುಗಳು ಹೇಗಿರುತ್ತವೆ ನಿಮಗೆ ಗೊತ್ತು. ‘ಮಂಜು ಆರ್‌ಒ’, ‘ಮಂಜು ಆರ್‌ಒ ಹೊಸಬ’, ‘ನೀರಿನ ಟ್ಯಾಂಕ್ ಹತ್ರ ಮೇಡಂ’, ‘ಪಿಡಬ್ಲ್ಯುಡಿ ಸರ್ 2’. ಇದನ್ನು ಕಂಡ ಕೂಡಲೇ ನಮ್ಮಂಥವರಿಗೆ ಒರೆಸಿ ಶುದ್ಧ ಮಾಡುವ ಆಸೆ. ದಯವಿಟ್ಟು ಒರೆಸಬೇಡಿ. ಆ ಅಡ್ಡಹೆಸರಿನಲ್ಲಿ ಮನೆಯ ಗುರುತಿದೆ, ಎಷ್ಟು ಕಾಲದ ಗಿರಾಕಿ ಎಂಬುದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಲೀಕರು ಹುಡುಕುವುದು ಆ ಹೆಸರಿನಿಂದಲೇ. ‘ಫೋನಿನಲ್ಲಿದ್ದ ಹೆಸರು’ ಎಂದು ಒಂದು ಕಾಲಮ್ ಮಾಡಿ, ಇದ್ದದ್ದು ಇದ್ದ ಹಾಗೆ ಅದರಲ್ಲಿ ಇಳಿಸಿ. ಸಾಫ್ಟ್‌ವೇರಿನ ಹುಡುಕುವ ಪೆಟ್ಟಿಗೆ ಆ ಕಾಲಮ್ಮನ್ನೂ ನೋಡುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಕೆಲವು ಸಾಫ್ಟ್‌ವೇರುಗಳು ನಾವೇ ಸೇರಿಸಿದ ಕಾಲಮ್‌ಗಳನ್ನು ಹುಡುಕುವುದಿಲ್ಲ. ‘ಟ್ಯಾಂಕ್ ಹತ್ರ’ ಎಂದು ಟೈಪ್ ಮಾಡಿದಾಗ ಆ ಮೇಡಂ ಸಿಗದಿದ್ದರೆ ಮಾಲೀಕರು ಮೂರನೇ ದಿನ ಫೋನಿಗೇ ವಾಪಸ್.

ಕಾಲಮ್‌ಗಳು ಎಷ್ಟಿರಬೇಕು? ಹೆಸರು, ಫೋನಿನಲ್ಲಿದ್ದ ಹೆಸರು, ಮೊಬೈಲ್, ಬಡಾವಣೆ, ಪಿನ್‌ಕೋಡ್, ಯಂತ್ರದ ಮಾದರಿ, ಕೊನೆಯ ಸರ್ವೀಸ್, ಮುಂದಿನ ದಿನಾಂಕ. ಎಂಟು. ವ್ಯಾಪಾರಿ ಗಿರಾಕಿಗಳಿದ್ದರೆ ಜಿಎಸ್‌ಟಿ ಸಂಖ್ಯೆ ಒಂಬತ್ತನೆಯದು. ಹುಟ್ಟುಹಬ್ಬ, ಇಮೇಲ್, ಮದುವೆಯ ದಿನ ಇವೆಲ್ಲ ಈಗ ಬೇಡ. ಖಾಲಿ ಪೆಟ್ಟಿಗೆಗಳು ಹೆಚ್ಚಾದಷ್ಟೂ ಕೌಂಟರಿನಲ್ಲಿರುವವರು ಬರೆಯುವುದನ್ನೇ ಬಿಡುತ್ತಾರೆ.

ಹೆಸರಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಜೊಹೊದಂಥ ಹಲವು ಸಾಫ್ಟ್‌ವೇರುಗಳಲ್ಲಿ ‘ಕೊನೆಯ ಹೆಸರು’ ಕಡ್ಡಾಯ. ನಮ್ಮಲ್ಲಿ ಅನೇಕರಿಗೆ ಕೊನೆಯ ಹೆಸರೆಂಬುದೇ ಇಲ್ಲ; ಊರಿನ, ತಂದೆಯ ಇನಿಷಿಯಲ್ ಇದೆ, ಅದೂ ಒಮ್ಮೆ ಮುಂದೆ ಒಮ್ಮೆ ಹಿಂದೆ. ‘ಕೆ.ಎಸ್. ರಮೇಶ’ ಎಂಬುದನ್ನು ಯಂತ್ರಕ್ಕೇ ಬಿಟ್ಟರೆ ‘ಕೆ.ಎಸ್.’ ಮೊದಲ ಹೆಸರಾಗುತ್ತದೆ. ಮುಂದೆ ಹೋಗುವ ಪ್ರತಿ ಸಂದೇಶವೂ ‘ನಮಸ್ಕಾರ ಕೆ.ಎಸ್.’ ಎಂದೇ ಶುರು. ಆದ್ದರಿಂದ ಕರೆಯುವ ಹೆಸರು ಮೊದಲ ಪೆಟ್ಟಿಗೆಗೆ, ಇನಿಷಿಯಲ್ ಎರಡನೆಯದಕ್ಕೆ. ಇನಿಷಿಯಲ್ ಗೊತ್ತಿಲ್ಲದಿದ್ದರೆ ಬಡಾವಣೆಯ ಹೆಸರು ಹಾಕಿ; ಚುಕ್ಕಿ ಇಟ್ಟರೂ ಸಾಫ್ಟ್‌ವೇರ್ ಒಪ್ಪುತ್ತದೆ, ಆದರೆ ಆಮೇಲೆ ನಲವತ್ತು ಜನ ಚುಕ್ಕಿಯ ರಮೇಶರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಈಗ ಎಕ್ಸೆಲ್. ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಅದೂ ಸದ್ದಿಲ್ಲದೆ. ಮೊಬೈಲ್ ಸಂಖ್ಯೆಗೆ 91 ಸೇರಿದರೆ ಹನ್ನೆರಡು ಅಂಕಿ. ಸಾಮಾನ್ಯ ಸೆಲ್‌ನಲ್ಲಿ ಎಕ್ಸೆಲ್ ಅದನ್ನು 9.19845ಇ+11 ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ತೋರಿಸುವುದಷ್ಟೇ ಆದರೆ ಚಿಂತೆಯಿಲ್ಲ, ಒಳಗೆ ಪೂರ್ತಿ ಸಂಖ್ಯೆ ಇರುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಸಿಎಸ್‌ವಿ (ಕಾಲಮ್‌ಗಳ ನಡುವೆ ಅಲ್ಪವಿರಾಮ ಇಟ್ಟ ಸಾದಾ ಫೈಲು) ಆಗಿ ಉಳಿಸಿದರೆ ಕಂಡದ್ದೇ ಫೈಲಿಗೆ ಬೀಳುತ್ತದೆ, ಕೊನೆಯ ಆರು ಅಂಕಿ ಶಾಶ್ವತವಾಗಿ ಹೋಗುತ್ತವೆ. ಲ್ಯಾಂಡ್‌ಲೈನಿಗೆ ಇನ್ನೊಂದು ಕಾಟ: 0821, 0836ರ ಮುಂದಿನ ಸೊನ್ನೆ ಮಾಯ. ಪರಿಹಾರ ಸುಲಭ, ಆದರೆ ಕ್ರಮ ಮುಖ್ಯ. ಸಂಖ್ಯೆ ಅಂಟಿಸುವ ಮೊದಲೇ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಬೇಕು. ಸಿಎಸ್‌ವಿ ಫೈಲನ್ನು ಎರಡು ಕ್ಲಿಕ್ ಮಾಡಿ ತೆರೆಯಬಾರದು. ‘ಡೇಟಾ’ ಮೆನುವಿನಿಂದ ಆಮದು ಮಾಡಿಕೊಂಡು ಆ ಕಾಲಮ್‌ಗೆ ಟೆಕ್ಸ್ಟ್ ಎಂದು ಹೇಳಬೇಕು. ಎಲ್ಲ ಮೊಬೈಲ್‌ಗಳೂ ಒಂದೇ ರೂಪದಲ್ಲಿರಲಿ: ಕೂಡು ಗುರುತು, 91, ಹತ್ತು ಅಂಕಿ, ನಡುವೆ ಜಾಗವಿಲ್ಲ. ಹತ್ತು ಅಂಕಿಯ ಮೊದಲನೆಯದು 6, 7, 8 ಅಥವಾ 9 ಆಗಿರಬೇಕು. ಬೇರೆಯಿದ್ದರೆ ಅದು ಲ್ಯಾಂಡ್‌ಲೈನ್ ಅಥವಾ ಬರೆದವರ ತಪ್ಪು.

ದಿನಾಂಕ ಇನ್ನೂ ಮೋಸದ್ದು. 25/04 ಎಂದಿದ್ದರೆ ಅಮೆರಿಕದ ಕ್ರಮದಲ್ಲಿ ಓದುವ ಸಾಫ್ಟ್‌ವೇರ್ ‘ಇಪ್ಪತ್ತೈದನೇ ತಿಂಗಳಿಲ್ಲ’ ಎಂದು ಆ ಸಾಲನ್ನು ತಿರಸ್ಕರಿಸುತ್ತದೆ; ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. 03/04 ಎಂದಿದ್ದರೆ ಏಪ್ರಿಲ್ 3 ಮಾರ್ಚ್ 4 ಆಗಿ ನೆಮ್ಮದಿಯಿಂದ ಒಳಗೆ ಕೂರುತ್ತದೆ. ಇಡೀ ಪಟ್ಟಿ ಹತ್ತಿದರೂ ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ದಿನಾಂಕಗಳು ಹೀಗೆ ಅಡ್ಡಾದಿಡ್ಡಿ ಆಗಿರುತ್ತವೆ. ಸಾಫ್ಟ್‌ವೇರಿನ ದಿನಾಂಕದ ಕ್ರಮವನ್ನು ಆಮದಿಗೆ ಮೊದಲೇ ಭಾರತಕ್ಕೆ ಬದಲಿಸಿ. ವರ್ಷ, ತಿಂಗಳು, ದಿನ ಎಂದು 2026-04-03ರ ರೂಪದಲ್ಲಿ ಬರೆದರೆ ಗೊಂದಲಕ್ಕೆ ಜಾಗವೇ ಇಲ್ಲ.

ಕನ್ನಡದಲ್ಲಿ ಹೆಸರು ಬರೆದಿಟ್ಟ ಅಂಗಡಿಗಳು ಬೇಕಾದಷ್ಟಿವೆ, ಅದು ಹಾಗೆಯೇ ಇರಬೇಕು. ಮೂರು ಕಡೆ ಅಕ್ಷರ ಕೆಡುತ್ತದೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪಾದ ಫೈಲು ಬೇರೆ ಕಡೆ ತೆರೆದಾಗ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೀಟಿನ ಅಕ್ಷರಗಳಾಗಿ ಕಾಣುತ್ತದೆ. ಅದು ಹಾಳಾಗಿಲ್ಲ, ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಬಹುದು. ಒತ್ತಕ್ಷರ, ಅರ್ಕಾವತ್ತು ಮಾತ್ರ ಕಣ್ಣಿಟ್ಟು ನೋಡಿ. ಎರಡನೆಯದು, ಯೂನಿಕೋಡಿನ ಪಟ್ಟಿಯನ್ನೇ ಎಕ್ಸೆಲ್‌ನಲ್ಲಿ ಬರೀ ‘ಸಿಎಸ್‌ವಿ’ ಎಂದು ಉಳಿಸಿದರೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆ. ಇದಕ್ಕೆ ಮದ್ದಿಲ್ಲ, ಮೂಲ ಫೈಲಿಗೇ ಹೋಗಬೇಕು. ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆ ಅದೇ ಪಟ್ಟಿಯಲ್ಲಿದೆ, ಅದನ್ನೇ ಒತ್ತಿ. ಮೂರನೆಯದು ಫೋನಿನಿಂದ ತೆಗೆದ ವಿಸಿಎಫ್ ಫೈಲು, ಅಂದರೆ ಫೋನಿನ ಹೆಸರು ನಂಬರುಗಳ ಫೈಲು. ಅನೇಕ ಆಂಡ್ರಾಯ್ಡ್ ಫೋನುಗಳು ಹಳೆಯ 2.1 ರೂಪದಲ್ಲಿ ಬರೆಯುತ್ತವೆ. ಅಲ್ಲಿ ಕನ್ನಡ ಹೆಸರು ಸಮ ಚಿಹ್ನೆ, ‘ಇ0’, ‘ಬಿ2’ ಎಂಬ ಸರಮಾಲೆಯಾಗಿರುತ್ತದೆ. ಅದನ್ನು ಕಂಡು ಗಾಬರಿಯಾಗಿ ಕೈಯಿಂದ ತಿದ್ದಲು ಕೂರಬೇಡಿ. ಆ ವಿಸಿಎಫ್ ಅನ್ನು ಮೊದಲು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹಾಕಿ ಅಲ್ಲಿಂದ ಸಿಎಸ್‌ವಿ ತೆಗೆದರೆ ಹೆಸರು ಕನ್ನಡದಲ್ಲೇ ಬರುತ್ತದೆ. ಇದಕ್ಕೆ ಅಂಗಡಿಯದೇ ಆದ ಹೊಸ ಗೂಗಲ್ ಖಾತೆ ಮಾಡಿ. ಮಾಲೀಕರ ಸ್ವಂತ ಖಾತೆಯಲ್ಲಿ ಮಾಡಿದರೆ ಮಗಳ ಶಾಲೆಯ ನಂಬರು, ಬೀಗರ ನಂಬರು ಎಲ್ಲ ಬೆರೆತುಹೋಗುತ್ತವೆ. ಅಕಸ್ಮಾತ್ ಬೆರೆತರೆ 30 ದಿನದೊಳಗೆ ಹಿಂದಿನ ಸ್ಥಿತಿಗೆ ಮರಳುವ ಸೌಲಭ್ಯ ಗೂಗಲ್‌ನಲ್ಲಿದೆ.

ಒಬ್ಬರೇ ಎರಡು ಸಲ ಬಂದಿದ್ದರೆ ಹೆಸರು ನೋಡಿ ಸೇರಿಸಬೇಡಿ, ಮೊಬೈಲ್ ನೋಡಿ ಸೇರಿಸಿ. ಮಂಜುನಾಥ, ಮಂಜುನಾಥ್, ಮಂಜಣ್ಣ ಮೂವರೂ ಒಬ್ಬರೇ ಇರಬಹುದು, ಇಬ್ಬರು ಮಂಜುನಾಥರು ಎದುರುಬದುರು ಮನೆಯವರೂ ಇರಬಹುದು. ಮೊಬೈಲಿಗೂ ಒಂದು ಅಪವಾದವಿದೆ: ಗಂಡ ಹೆಂಡತಿ ಒಂದೇ ನಂಬರು ಕೊಟ್ಟಿರುತ್ತಾರೆ, ಬಾಡಿಗೆ ಮನೆಗಳ ಮಾಲೀಕರು ನಾಲ್ಕು ಯಂತ್ರಕ್ಕೂ ತಮ್ಮದೇ ನಂಬರು ಕೊಟ್ಟಿರುತ್ತಾರೆ. ಆದ್ದರಿಂದ ಸಾಫ್ಟ್‌ವೇರಿಗೆ ತಾನಾಗಿ ಸೇರಿಸಲು ಬಿಡದೆ ಜೋಡಿಗಳ ಪಟ್ಟಿ ತೆಗೆದು ಮಾಲೀಕರ ಮುಂದಿಡಿ. ಅವರು ನೋಡಿದ ಕ್ಷಣದಲ್ಲೇ ಹೇಳುತ್ತಾರೆ. ಹೋಟೆಲು, ಆಸ್ಪತ್ರೆಯಂಥ ಗಿರಾಕಿಗಳಲ್ಲಿ ಜಿಎಸ್‌ಟಿ ಸಂಖ್ಯೆ ಸಹಾಯಕ್ಕೆ ಬರುತ್ತದೆ. ಹದಿನೈದರಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಆ ಹತ್ತು ಒಂದೇ ಆಗಿದ್ದರೆ ಬೋರ್ಡಿನ ಹೆಸರು ಏನಿದ್ದರೂ ಧಣಿ ಒಬ್ಬರೇ.

ಆಮದಿನ ದಿನ ಮೊದಲು ಹತ್ತೇ ಸಾಲು ಹಾಕಿ. ಆ ಹತ್ತರಲ್ಲಿ ಕನ್ನಡ ಹೆಸರು ಒಂದು, ಲ್ಯಾಂಡ್‌ಲೈನ್ ಒಂದು, ವಿಳಾಸದಲ್ಲಿ ಅಲ್ಪವಿರಾಮ ಇರುವುದು ಒಂದು, ಇನಿಷಿಯಲ್ ಇಲ್ಲದ್ದು ಒಂದು ಇರಲಿ. ಸರಿಯಾಗಿ ಕೂತರೆ ಉಳಿದದ್ದು. ಪ್ರತಿ ಸಾಲಿಗೂ ‘ಆಮದು’ ಎಂಬ ಗುರುತು ಮತ್ತು ಆ ದಿನದ ದಿನಾಂಕ ಅಂಟಿಸಿ. ಏನಾದರೂ ಕೆಟ್ಟರೆ ಆ ಗುರುತಿನವನ್ನಷ್ಟೇ ಆರಿಸಿ ಅಳಿಸಬಹುದು.

ಇನ್ನು ನನ್ನ ಮಟ್ಟಿಗೆ ಇವತ್ತಿನ ಅತಿ ಮುಖ್ಯ ಮಾತು. ಆರುನೂರು ಗಿರಾಕಿಗಳಿಗೂ ‘ಮುಂದಿನ ದಿನಾಂಕ’ ತುಂಬುವಾಗ ಹಳೆಯ ಬಾಕಿಯೆಲ್ಲ ಒಂದೇ ದಿನಕ್ಕೆ ಬಂದು ಬೀಳುತ್ತದೆ. ಮರುದಿನ ಬೆಳಿಗ್ಗೆ ಮಾಲೀಕರು ತೆರೆದರೆ ಮುನ್ನೂರು ಕೆಂಪು ಸಾಲುಗಳು. ಯಾವ ಮನುಷ್ಯನೂ ಅದನ್ನು ಎರಡನೇ ದಿನ ತೆರೆಯುವುದಿಲ್ಲ. ಕೌಂಟರಿನ ಕೆಲಸದ ನಡುವೆ ಒಬ್ಬರು ದಿನಕ್ಕೆ ಹದಿನೈದು ಫೋನ್ ಮಾಡಬಲ್ಲರು. ಆರುನೂರನ್ನು ಹದಿನೈದರಿಂದ ಭಾಗಿಸಿ, ನಲವತ್ತು ಕೆಲಸದ ದಿನ. ಆಮದಿಗೆ ಮೊದಲೇ ಎಕ್ಸೆಲ್‌ನಲ್ಲಿ ದಿನಾಂಕಗಳನ್ನು ಹಾಗೆ ಹರಡಿ: ಸರ್ವೀಸ್ ತೀರ ತಡವಾದವರು ಮೊದಲು, ಒಂದೇ ಪಿನ್‌ಕೋಡಿನವರು ಒಂದೇ ದಿನ. ಆಗ ಹುಡುಗರು ಒಂದು ಬಡಾವಣೆಗೆ ಹೋದವರು ಅಲ್ಲೇ ನಾಲ್ಕು ಮನೆ ಮುಗಿಸಿ ಬರುತ್ತಾರೆ, ಪೆಟ್ರೋಲೂ ಉಳಿಯುತ್ತದೆ. ಕೌಂಟರಿನವರಿಗೆ ಕಲಿಸಬೇಕಾದ ನಿಯಮವೂ ಒಂದೇ: ಫೋನ್ ಇಟ್ಟ ಮೇಲೆ ಮುಂದಿನ ದಿನಾಂಕ ಬರೆಯದೆ ಆ ಪುಟ ಮುಚ್ಚುವಂತಿಲ್ಲ. ‘ಆಮೇಲೆ ನೋಡೋಣ’ ಎಂದ ಗಿರಾಕಿಗೂ ಒಂದು ದಿನಾಂಕ ಬೇಕು.

ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿಸಿ. ಒಂದೇ ಪಾಸ್‌ವರ್ಡನ್ನು ನಾಲ್ವರು ಬಳಸಿದರೆ ಯಾರು ಏನು ತಿದ್ದಿದರು ತಿಳಿಯುವುದಿಲ್ಲ. ಒಬ್ಬರು ಕೆಲಸ ಬಿಟ್ಟಾಗ ಲಾಗಿನ್ ಅಳಿಸುವ ಮೊದಲು ಅವರ ಹೆಸರಿನಲ್ಲಿರುವ ಗಿರಾಕಿಗಳನ್ನು ಮತ್ತೊಬ್ಬರಿಗೆ ವರ್ಗಾಯಿಸಿ. ಪಟ್ಟಿಯನ್ನು ಹೊರಗೆ ಇಳಿಸಿಕೊಳ್ಳುವ ಅಧಿಕಾರ ಮಾಲೀಕರಿಗೆ ಮಾತ್ರ ಇರಲಿ.

ಸಂದೇಶ ಕಳಿಸುವ ಬಗ್ಗೆ ಅಂಗಡಿಯವರು ಖಂಡಿತ ಕೇಳುತ್ತಾರೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ಅದೂ ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಕಳಿಸಿದೆ, ಯಾರಿಗೂ ಬಂದಿಲ್ಲ’ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಎಸ್‌ಎಂಎಸ್ ಆದರೆ ಡಿಎಲ್‌ಟಿ (ವ್ಯಾಪಾರಿ ಸಂದೇಶ ಕಳಿಸುವವರನ್ನು ದಾಖಲಿಸುವ ವ್ಯವಸ್ಥೆ) ನೋಂದಣಿ ಬೇಕು: ಸಂಸ್ಥೆ, ಕಳಿಸುವ ಹೆಸರು, ಸಂದೇಶದ ಮಾದರಿ ಮೂರೂ ಮೊದಲೇ ಒಪ್ಪಿಗೆಯಾಗಿರಬೇಕು. ಕನ್ನಡದ ಎಸ್‌ಎಂಎಸ್ ಒಂದಕ್ಕೆ 70 ಸಂಕೇತಗಳು, ಇಂಗ್ಲಿಷಿನದಕ್ಕೆ 160. ಒತ್ತು, ಗುಣಿತದ ಗುರುತುಗಳನ್ನೂ ಬೇರೆಯಾಗಿ ಎಣಿಸುವುದರಿಂದ ‘ನಮಸ್ಕಾರ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಲೆಕ್ಕಕ್ಕೆ ಏಳು. ಹಾಗಂತ ಇಂಗ್ಲಿಷಿಗೆ ಹೋಗಬೇಡಿ, ವಾಕ್ಯ ಚಿಕ್ಕದು ಮಾಡಿ.

ಒಪ್ಪಿಗೆಯನ್ನೂ ಬರೆದಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾವುದಕ್ಕಾಗಿ ನಂಬರು ಪಡೆಯುತ್ತೇವೆ ಎಂದು ತಿಳಿಸಬೇಕು, ಆ ಸೂಚನೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಗಿರಾಕಿಗಿರಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ಬಿಲ್ಲಿನ ಕೆಳಗೆ ಒಂದು ಸಾಲು ಕನ್ನಡದಲ್ಲಿ ಅಚ್ಚು ಮಾಡಿಸಿ, ಸಾಫ್ಟ್‌ವೇರಿನಲ್ಲಿ ‘ಸಂದೇಶ ಬೇಡ’ ಎಂಬ ಟಿಕ್ ಗುರುತು ಇಡಿ. ಬೇಡ ಎಂದವರನ್ನು ಅಳಿಸಿದರೆ ಮುಂದಿನ ಆಮದಿನಲ್ಲಿ ಅವರು ಮತ್ತೆ ಒಳಗೆ ಬರುತ್ತಾರೆ; ಅದಕ್ಕೇ ಆ ಗುರುತು.

ಏಳನೇ ದಿನ ಒಮ್ಮೆ, ಮೂವತ್ತನೇ ದಿನ ಒಮ್ಮೆ ಹೋಗಿ ಬನ್ನಿ. ಆ ಎರಡು ಭೇಟಿಗೆ ಮೊದಲೇ ದರ ಹೇಳಿರಿ, ಉಚಿತವೆಂದರೆ ನೀವೇ ಮುಂದೂಡುತ್ತೀರಿ. ಏಳನೇ ದಿನ ನೋಡಬೇಕಾದ್ದು ದಿನಾಂಕ ಮೀರಿದ ಸಾಲುಗಳು ಎಷ್ಟು ಎಂದು. ಮೂವತ್ತು ದಾಟಿದ್ದರೆ ದಿನಕ್ಕೆ ಹದಿನೈದು ಹೆಚ್ಚಾಯಿತು, ಹತ್ತಕ್ಕೆ ಇಳಿಸಿ ಮತ್ತೆ ಹರಡಿ. ಮೂವತ್ತನೇ ದಿನ ಇಡೀ ಪಟ್ಟಿಯನ್ನು ಸಿಎಸ್‌ವಿ ಆಗಿ ಇಳಿಸಿ ಪೆನ್‌ಡ್ರೈವಿಗೆ ಹಾಕಿ, ಮಾಲೀಕರ ಎದುರಿನಲ್ಲೇ ತೆರೆಯಿರಿ. ಕನ್ನಡ ಹೆಸರು ಓದಲು ಬರುತ್ತಿದೆಯೇ, ಮೊಬೈಲ್ ಹತ್ತು ಅಂಕಿಯೂ ಇದೆಯೇ ಎಂದು ಅವರ ಕೈಯಿಂದಲೇ ನಾಲ್ಕು ಸಾಲು ಪರೀಕ್ಷೆ ಮಾಡಿಸಿ, ಆ ಪೆನ್‌ಡ್ರೈವ್ ಗಲ್ಲಾಪೆಟ್ಟಿಗೆಯಲ್ಲಿ ಇಡಿಸಿ. ಪ್ರತಿ ತಿಂಗಳ ಮೊದಲ ಸೋಮವಾರ ಇದನ್ನು ಅವರೇ ಮಾಡಲಿ.